ಹಲ್ಲಿನ ಗುರುತಿದ್ದ ಗುಂಡು

ಕೇಳಿ ತಾಯಂದಿರೇ, ಅಣ್ಣಂದಿರೇ. ಈ ದೃಷ್ಟಾಂತವನ್ನು ನಾನು ತಿಪಟೂರಿನಲ್ಲಿ ಹೇಳಿದಾಗ ಶಾಮಿಯಾನದ ಕಂಬಗಳೇ ಅತ್ತವು. ಮೈಕಿನವನು ತನ್ನ ವೈರು ಒಣಗಲೆಂದು ಮರುದಿನ ಮಧ್ಯಾಹ್ನದವರೆಗೆ ಕಾದ. ನಂಬದವರು ಎದ್ದು ಹೋಗಬಹುದು. ಪ್ರಸಾದ ಮಾತ್ರ ಕಡೆಯಲ್ಲಿದೆ.

ಒಂದು ಊರು, ಆ ಊರಿಗೊಬ್ಬ ಶ್ರೀಮಂತ. ಎಂಥ ಶ್ರೀಮಂತ? ಅವನ ಮನೆಯ ಬೆಕ್ಕು ಮೂಗುತಿ ಹಾಕಿಕೊಂಡು ಇಲಿ ಹಿಡಿಯುತ್ತಿತ್ತು. ವಯಸ್ಸಾದ ಮೇಲೆ ವ್ಯಾಪಾರವನ್ನೆಲ್ಲ ತಮ್ಮನಿಗೆ ಒಪ್ಪಿಸಿ ಮನೆಯಲ್ಲಿ ಕೂತ. ಹೊತ್ತು ಹೋಗಲಿಲ್ಲ. ಕೆಲವರು ಗುಲಾಬಿ ಬೆಳೆಯುತ್ತಾರೆ, ಕೆಲವರು ಇಸ್ಪೀಟು ಆಡುತ್ತಾರೆ. ಇವನು ಮೊಬೈಲಿನಲ್ಲಿ ವಿಡಿಯೊ ನೋಡಿ ಚಿನ್ನ ಶುದ್ಧಿ ಮಾಡುವುದನ್ನು ಕಲಿತ. ಹಿತ್ತಿಲ ಬಚ್ಚಲಮನೆಯಲ್ಲಿ ಆಸಿಡ್ಡಿನ ಜಾಡಿ, ಚಿನ್ನ ಕರಗಿಸುವ ಮೂಸೆ, ಗ್ಯಾಸಿನ ಬರ್ನರ್. ಹೊಗೆ ಎದ್ದರೆ ಮೇಲೆ ಹಾರುವ ಕಾಗೆಗಳು ಕೆಮ್ಮುತ್ತಿದ್ದವು. ಹಳೆಯ ಉಂಗುರ, ಮುರಿದ ಓಲೆ, ಏನು ಸಿಕ್ಕರೂ ಕರಗಿಸುವನು. ತಾಮ್ರವೆಲ್ಲ ಕಳೆದು ಅಪರಂಜಿ ತೆಗೆಯುವನು. ಕಂಡವರಿಗೆಲ್ಲ ಅಂಗೈಯಲ್ಲಿಟ್ಟು ತೋರಿಸುವನು. ನೋಡಿ, ತಪ್ಪೇನಿಲ್ಲ. ಹವ್ಯಾಸ ತಾನೇ?

ಅವನ ಹೆಂಡತಿಯ ಕೊರಳಲ್ಲಿ ಒಂದು ಗುಂಡಿನ ಸರ. ತೆಳು ಚಿನ್ನದ ತಗಡಿನ ಗುಂಡುಗಳು, ಒಳಗೆ ಅರಗು. ಅವರಿಗೆ ಹಿಂದೆ ಒಂದೇ ಒಂದು ಮಗು ಹುಟ್ಟಿತ್ತು, ಹೆಣ್ಣು. ಹಲ್ಲು ಮೂಡುವಾಗ ಅದು ಅಮ್ಮನ ತೊಡೆಯ ಮೇಲೆ ಕೂತು ಆ ಸರದ ನಡುಗುಂಡನ್ನು ಕಚ್ಚುತ್ತಿತ್ತು. ಎರಡು ಪುಟ್ಟ ಹಲ್ಲು, ಎರಡು ಪುಟ್ಟ ತಗ್ಗು. ಆಮೇಲೆ ಜ್ವರ ಬಂತು, ಮಗು ಹೋಯಿತು. ವರ್ಷ ತುಂಬಿದ ಮೇಲೆ ಫೋಟೊ ತೆಗೆಸೋಣ ಅಂದುಕೊಂಡಿದ್ದರು, ಅದೂ ಆಗಲಿಲ್ಲ. ಉಳಿದದ್ದು ಏನು? ಆ ಎರಡು ತಗ್ಗು. ಅಂದಿನಿಂದ ಆ ತಾಯಿ ಅದರ ಮೇಲೆ ಹೆಬ್ಬೆರಳಿಟ್ಟುಕೊಂಡೇ ಮಲಗುತ್ತಿದ್ದಳು. ಗಂಡನಿಗೆ ಹೇಳಿರಲಿಲ್ಲವೇ? ಅವಳು ಹೇಳಲಿಲ್ಲ. ಅವನು ಕೇಳಲಿಲ್ಲ.

ಒಮ್ಮೆ ಅವಳಿಗೆ ಕಾಯಿಲೆಯಾಯಿತು. ಆಸ್ಪತ್ರೆಯಲ್ಲಿ ಸ್ಕ್ಯಾನಿಂಗಿಗೆ ಮೊದಲು ಒಡವೆ ಬಿಚ್ಚಿಸುತ್ತಾರಲ್ಲ, ಹಾಗೆ ಬಿಚ್ಚಿಸಿದರು. ಸರವನ್ನು ಗಂಡನ ಕೈಗೆ ಕೊಟ್ಟು, "ಜೋಪಾನ ಕಣ್ರೀ" ಅಂದಳು. ಅಷ್ಟೇ ಅಂದಳು.

ಇವನು ಮನೆಗೆ ಬಂದು ಸರ ನೋಡಿದ. ಮಾಸಿದೆ, ನಡುಗುಂಡು ನೆಗ್ಗಿಹೋಗಿದೆ, ಒಳಗೆಲ್ಲ ಅರಗು. ಪಾಪ, ಪ್ರೀತಿ ಉಕ್ಕಿತು. ಅವಳು ಬರುವುದರೊಳಗೆ ಅಪರಂಜಿ ಮಾಡಿ ಕೊಡುತ್ತೇನೆ ಅಂದುಕೊಂಡ. ಅರಗು ಸುಟ್ಟ. ಆಸಿಡ್ಡಿಗೆ ಹಾಕಿದ. ಸರ ಹಳದಿ ನೀರಾಯಿತು, ನೀರಿನಲ್ಲಿ ಕಂದು ಕೆಸರು ಇಳಿಯಿತು, ಕೆಸರು ಮೂಸೆಯಲ್ಲಿ ಕರಗಿ ಬಿಲ್ಲೆಯಾಯಿತು. ಎಂಥ ಬಿಲ್ಲೆ ಅಂತೀರಿ? ಅದನ್ನು ನೋಡಿ ಸೂರ್ಯ ನಾಚಿ ಮೋಡ ಹೊದ್ದುಕೊಂಡ.

ಮನೆಗೆ ಬಂದ ಹೆಂಡತಿಯ ಅಂಗೈಯಲ್ಲಿ ಅದನ್ನು ಇಟ್ಟ. ಅವಳು ತಿರುಗಿಸಿ ತಿರುಗಿಸಿ ನೋಡಿದಳು. ಹೆಬ್ಬೆರಳು ಸವರಿತು. ಜಾರಿತು.

"ಪಾಪು ಕಚ್ಚಿದ್ದ ಗುಂಡು ಎಲ್ರೀ?"

ಅವನಿಗೆ ಅರ್ಥವಾಗಲಿಲ್ಲ. ಅವಳು ಹೇಳಿದಳು. ಆಗ ಅರ್ಥವಾಯಿತು. ಬಚ್ಚಲಮನೆಗೆ ಓಡಿದ, ಜಾಡಿ ಬಗ್ಗಿಸಿ ನೋಡಿದ, ಮೂಸೆ ಕೆರೆದ. ಏನು ಸಿಗುತ್ತದೆ? ಅಪರಂಜಿ ಬಲು ಮೆತ್ತಗೆ ನೋಡಿ. ಬುದ್ಧಿ ಕೆಟ್ಟವನಂತೆ ಬಿಲ್ಲೆಯನ್ನು ತಾನೇ ಬಾಯಿಗಿಟ್ಟು ಕಚ್ಚಿ, ತಂದು ತೋರಿಸಿದ. ಎರಡು ತಗ್ಗು ಬಿದ್ದಿದ್ದವು.

"ಇವು ನಿಮ್ಮವು" ಅಂದಳು. ಬೈಯಲಿಲ್ಲ. ಒಳಗೆ ಹೋಗಿ ಅನ್ನಕ್ಕೆ ಇಟ್ಟಳು.

ಇಲ್ಲಿ ಬಣ್ಣ ಕಟ್ಟಿ ಹೇಳಲು ನನ್ನ ಬಳಿಯೂ ಏನೂ ಇಲ್ಲ.

ಬೆಕ್ಕಿನ ಮೂಗುತಿಗೆ ನಕ್ಕಿರಲ್ಲ, ಈಗ ನಿಮ್ಮ ಮನೆಗೆ ಬನ್ನಿ. ಸುಣ್ಣ ಹೊಡೆಸುವಾಗ ಗೋಡೆಯ ಮೇಲಿನ ಪೆನ್ಸಿಲ್ ಗೆರೆ ಯಾರದೆಂದು ಕೇಳಿದಿರಾ? ಅತ್ತೆಯ ಸೊಟ್ಟ ಸೌಟನ್ನು ಗುಜರಿಗೆ ಹಾಕುವಾಗ ಕೇಳಿದಿರಾ? ತೀರಿಹೋದವರ ಅಂಗಿಯನ್ನು ಶುಭ್ರವಾಗಿ ಒಗೆದು ಮಡಿಸಿಟ್ಟಿರಲ್ಲ, ಅದರ ವಾಸನೆಗಾಗಿಯೇ ಅದನ್ನು ಇಟ್ಟುಕೊಂಡಿದ್ದವರನ್ನು ಕೇಳಿದಿರಾ? ಕೇಳಲಿಲ್ಲ. ಒಳ್ಳೆಯದು ಮಾಡುವ ಆತುರ ನಮಗೆ. ಹೋದದ್ದು ಹೋಯಿತು, ನಾನು ಎಷ್ಟೇ ದೊಡ್ಡ ಪ್ರವಚನಕಾರನಾದರೂ ತಂದುಕೊಡಲಾರೆ. ಉಳಿದದ್ದಕ್ಕಾದರೂ, ಇವತ್ತು ಮನೆಗೆ ಹೋದ ಮೇಲೆ, ಯಾವುದನ್ನೇ ತೊಳೆಯುವ, ತಿದ್ದುವ, ಎಸೆಯುವ ಮೊದಲು 'ಇದು ಹೀಗೇಕಿದೆ?' ಎಂದು ಕೇಳಿ. ಕೇಳಿ, ಉತ್ತರ ಮುಗಿಯುವ ತನಕ ಕೈ ಕಟ್ಟಿ ನಿಲ್ಲಿ.

ಆ ಬಿಲ್ಲೆ ಈಗಲೂ ಅವರ ಬೀರುವಿನಲ್ಲಿದೆ. ಪರಮ ಶುದ್ಧ. ಅದರಲ್ಲಿ ಚಿನ್ನ ಬಿಟ್ಟರೆ ಬೇರೇನೂ ಇಲ್ಲ.