ಗ್ವಾಡಿ ಆಚಿ ಸುಕೂನ

ಅಯ್ಯ, ಅಲ್ಲೆ ಇಡಬ್ಯಾಡ್ರಿ ಯಂಕವ್ವಕ್ಕ, ಬಿಸಲು ಬಡಿತೈತಿ... ಇಲ್ಲೆ, ಈ ಕಟ್ಟಿ ಮ್ಯಾಲೆ ಇಡ್ರಿ. ಖರೇನ ಎಲ್ಲಾ ಗಿಡಾ ನನಗ ಕೊಟ್ಟು ಹೊಂಟ್ರಿ? ಅಬ್ಬಲಿಗಿ, ದುಂಡಮಲ್ಲಿಗಿ, ಸೇವಂತಿಗಿ... ಎಲ್ಲಾನೂ? ಹಾನಗಲ್ಲಿಗೆ ಒಂದರ ಒಯ್ರಿ! ಹೌದ ಬಿಡ್ರಿ, ಮಗಳ ಮನಿ ಅಂದ್ರ ಮ್ಯಾಲಿನ ಒಂದ ಖೋಲಿ. ಹೇಮಾನ ಮಕ್ಕಳಿಗೇ ಜಾಗಾ ಸಾಲೂದಿಲ್ಲ ಅಂದಿದ್ರಿ.

ಕುಂಡ್ರಿ ಒಂದ ನಿಮಿಷ. ಟೆಂಪೋದಾಂವ ಇನ್ನೂ ನಿಮ್ಮ ಭಾಂಡೆ ಹೇರಾಕತ್ತಾನ. ಚಾ ಇಡ್ಲಿ? ಬ್ಯಾಡಾ?... ಯಾಕ ಹಂಗ ನೋಡಾಕತ್ತೀರಿ ನನ್ನ ಗುಲಾಬಿ? ಒಣಗ್ಯಾವ, ಹೌದು. ನಗ್ರಿ, ನಗ್ರಿ! ತಡಸದ ನರ್ಸರಿಯಿಂದ ಹದಿನೆಂಟ ತರಿಸಿದ್ನಿ, ಚಂದಂದ ಪಾಟಿನಾಗ ಹಚ್ಚಿದ್ನಿ. ನಿಮ್ಮ ತಗಡಿನ ಡಬ್ಬ್ಯಾಗ ಅರಳತಾವ, ನನ್ನ ಪಾಟಿನಾಗ ಸಾಯತಾವ! ಇದೇನ ನ್ಯಾಯ ಹೇಳ್ರಿ?

ಡಾಕ್ಟರ್ ಅಂದಿದ್ರಲ್ಲ, ‘ಮುನವ್ವರಾ ಅವರ, ನಿಮ್ಮ ಬಿ.ಪಿ. ಬರೇ ಗುಳಿಗಿಗೆ ಬಗ್ಗೂದಲ್ಲ. ಮುಂಜಾನೆ ಹೂವಿನ ಗಿಡದಾಗ ಸುಮ್ಮನ ಕುಂಡ್ರಿ, ಉಸಿರಿನ ಮ್ಯಾಲೆ ಲಕ್ಷ್ಯ ಇಡ್ರಿ’ ಅಂತ. ಕುಂತ್ನಿ! ನಮ್ಮ ಹುಡುಗಿ ಮಹೆಕ ಮೊಬೈಲಿನಾಗ ಅದೇನೋ ಧ್ಯಾನದ್ದು ಹಚ್ಚಿ ಕೊಟ್ಲು. ಉಸಿರು ಒಳಗ... ಉಸಿರು ಹೊರಗ... ಒಂದು, ಎರಡು... ಏಳು ಅನ್ನೂದ್ರಾಗ ನಿಮ್ಮ ಕಡೆ ತಂಬಿಗಿ ಸಪ್ಪಳ! ಮುಗೀತು. ಉಸಿರೂ ಇಲ್ಲ, ಲೆಕ್ಕಾನೂ ಇಲ್ಲ. ನನ್ನ ಕಣ್ಣು ಗ್ವಾಡಿ ಆಚಿ.

ನೀವು ಶಾಲಿ ಬಿಸಿಯೂಟದ ಅಡಗಿಗೆ ಹೋಗೂ ಮುಂಚೆ ಅರ್ಧಾ ತಾಸು, ಆ ಡಬ್ಬಿಗೋಳ ನಡುವ... ಏನ ನೋಡತಿದ್ರಿ ಅಕ್ಕಾ? ಒಂದ ಮೊಗ್ಗು! ಒಂದ ಮೊಗ್ಗು, ಅರ್ಧಾ ತಾಸು! ಒಂದಿನಾ ಇರಿವಿ ನಿಮ್ಮ ಕಾಲ ಮ್ಯಾಲೆ ಏರಿತ್ತು. ಝಾಡಿಸಲಿಲ್ಲ ನೀವು. ಅದಾಗಿ ಅದು ಇಳದು ಹೋಗೂತನಕಾ ಕುಂತ್ರಿ... ಹೌದು, ನೋಡೇನಿ. ಸ್ಟೂಲ್ ಹಾಕ್ಕೊಂಡ ನಿಂತು ನೋಡೇನಿ! ಅದರಾಗ ನಾಚಿಗಿ ಏನು?

ನಾನೊಬ್ಬಾಕಿ ನೋಡಿದ್ರ ಬ್ಯಾರೆ ಮಾತು. ನಮ್ಮ ಮನಿಯವರು... ಇಪ್ಪತ್ತೆರಡ ವರ್ಷದಾಗ ನನ್ನ ಕೈಯಾನ ಚಾ ಕುಡದು ‘ಚಲೋ ಆಗೇತಿ’ ಅಂದವರಲ್ಲ. ಅದ ಚಾ ಹಿಡ್ಕೊಂಡ ಗ್ವಾಡಿ ಹತ್ರ ನಿಂತು, ‘ಯಂಕವ್ವನ ಕೈಯಾಗ ಏನೋ ಐತಿ ನೋಡ ಮುನವ್ವರಾ, ಆ ಕಡೆ ನೋಡಿದ್ರ ಮನಸಿಗೆ ಸುಕೂನ ಸಿಗತೈತಿ’ ಅಂದ್ರು. ಸುಕೂನ! ನನ್ನ ಮನ್ಯಾಗ ನಿಂತು, ನಿಮ್ಮ ಮನಿ ನೆಮ್ಮದಿ! ಮಹೆಕ ಅರ ಏನು? ಪರೀಕ್ಷಾ ಬಂದ್ರ ಪುಸ್ತಕಾ ತಗೊಂಡ ನಿಮ್ಮ ಗಿಡದ ಬಾಜೂಕ ಕುಂಡರಬೇಕು. ಮೂರ ಫ್ಯಾನ್ ಅದಾವ್ರೀ ನಮ್ಮ ಮನ್ಯಾಗ!

...ಇಲ್ಲ ಇಲ್ಲ, ಸಿಟ್ಟ ಯಾಕ? ನಿಮ್ಮನ್ನ ನೋಡಿದ್ರ ನನಗ ಬರೇ... ಹೊಟ್ಟಿಕಿಚ್ಚು ಅನ್ನಬ್ಯಾಡ್ರಿ. ಅಂದಿಲ್ಲಾ? ಅಂದಂಗಾತು ನನಗ.

ಹೋಗ್ಲಿ ಬಿಡ್ರಿ. ಆ ಫಕ್ಕೀರೇಶ... ಮನಿ ಮಾಲಕ ಆದ್ರ ಏನಾತು? ಹಾವೇರ್ಯಾಗ ಕುಂತು, ಒಂದ ಸಲ ಬಂದು ಕಣ್ಣಿಲೆ ನೋಡಲಾರದ, ಮನಿ ಬಿಡ್ರಿ ಅಂದಬಿಟ್ಟ! ಒಂಬತ್ತ ವರ್ಷ ಸವಣೂರಾಗ ಅವನ ಮನಿ ಝಳಝಳ ಇಟ್ಟವರಿಗೆ! ದಿನಾ ನೀರ ಹಾಕಿ ಗ್ವಾಡಿ ಹಸಿ ಹಿಡದೈತಂತ, ಡಬ್ಬಿ ಸಂದ್ಯಾಗ ನಾಗರಹಾವು ಕಂಡೈತಂತ... ಯಾರ ಹೇಳಿದ್ರೂ ನಂಬೂದಾ? ಹಾವು! ಎರಿಹುಳಾ ಬಿಟ್ರ ಏನೂ ಇಲ್ಲ ಅಲ್ಲೆ. ಜನಾ ಬಾಯಿಗೆ ಬಂದಂಗ...

ಯಾಕ? ಯಾಕ ಎದ್ದ ನಿಂತ್ರಿ?

ಹಾವಿನ ಮಾತು ನೀವ ಹೇಳಿದ್ರೆಲ್ಲ. ಮೊನ್ನೆ, ಹಾಲಿನ ಅಂಗಡಿ ಮುಂದ... ಹೇಳಿಲ್ಲಾ? ಮನಿ ಬಿಡಾಕ ಹೇಳ್ಯಾನ ಅಂತ, ಅಷ್ಟ ಅಂದ್ರಿ?... ಹಂಗಾರ ಓಣ್ಯಾಗ ಯಾರರ ಅಂದಿರಬೇಕು. ಅಂದಿರತಾರ, ಓಣಿ ಅಂದಮ್ಯಾಲೆ...

ಅಕ್ಕಾ. ತಲಿ ಯಾಕ ಅಲ್ಲಾಡಸಾಕತ್ತೀರಿ?

ನಿಮಗ... ಗೊತ್ತಿತ್ತಾ? ಆಂವಾ ನನ್ನ ಹೆಸರ ಹೇಳ್ಯಾನಾ? ಯಾವಾಗ?... ಗೊತ್ತಿದ್ದೂ ಶುಕ್ರವಾರ ಮಹೆಕಗ ಮಾಲಿ ಕಟ್ಟಿ ಕಳಿಸಿದ್ರಾ? ಗೊತ್ತಿದ್ದೂ ಈಗ ಒಂದೊಂದ ಡಬ್ಬಿ ಎತ್ತಿ ತಂದು ನನ್ನ ಬಾಗಲಾಗ...

ಬೈರಿ. ಬೈದರ ಹೋಗ್ರಿ! ಬರೇ ಗಿಡಾ ತಗಸ್ತಾನ ಅನಕೊಂಡಿದ್ನಿ, ಮನೀನ ಬಿಡಸ್ತಾನ ಅಂತ ನನಗೇನ ಕನಸ ಬಿದ್ದಿತ್ತಾ... ಇಲ್ಲ. ಸುಳ್ಳು. ಅದೂ ಗೊತ್ತಿತ್ತು. ಬಿಡಸಲಿ ಅಂತನ ಅವಂಗ ಹಾವಿನ ಮಾತ ಹೇಳಿದ್ನಿ. ಹೂವಿನ ಸಲುವಾಗಿ ಅಲ್ಲ ಅಕ್ಕಾ... ಹೂವು ಪ್ಯಾಟ್ಯಾಗೂ ಸಿಗತಾವ. ನೀವು ಹಂಗ ಕುಂಡರತಿದ್ರೆಲ್ಲ, ಏನೂ ಬ್ಯಾಡಾದವರಂಗ... ಅದನ್ನ ನೋಡಲಾರದಾತು ನನಗ.

ತಡೀರಿ, ಹೋಗಬ್ಯಾಡ್ರಿ! ಈಗ ಫೋನ್ ಹಚ್ಚತೇನಿ ಅವಂಗ, ನಿಮ್ಮ ಮುಂದನ ಹೇಳತೇನಿ... ಏನು? ಕೀಲಿಕೈ ಕೊಟ್ಟ ಬಂದ್ರಾ? ಬ್ಯಾರೆಯವರು ಬರಾವರಾ?

...ಏನ ತೋರಸಾಕತ್ತೀರಿ? ಹಾಂ. ಮಣ್ಣಾಗ ಬೆರಳ ಇಟ್ಟ ನೋಡಬೇಕು... ಹಸಿ ಹತ್ತಿದ್ರ ನೀರ ಹಾಕಬಾರ್ದು. ಒಣಗಿದ್ರ ಅಷ್ಟ... ಒಂದ ತಂಬಿಗಿ.

ತಿಳೀತು ಅಕ್ಕಾ... ತಿಳೀತು.