ಅಳಿಸದೆ ಉಳಿದ ಲಾಗಿನ್

ಈ ಬಾಯಿಂದ ನಾನು ಹೇಳಿದ ಸುಳ್ಳುಗಳನ್ನು ಎಣಿಸಲು ನಮ್ಮೂರು ಕೋಡಿಯ ಕಡಲ ಮರಳು ಸಾಲದು, ಒಪ್ಪಿದೆ. ಆದರೆ ಈ ಕತೆಯ ಒಂದೊಂದು ಮಾತೂ ಸತ್ಯ. ಸುಳ್ಳಾದರೆ ನಾಳೆಯಿಂದ ನನ್ನ ಊಟಕ್ಕೆ ಬಂಗುಡೆ ಮೀನು ಬೇಡ. ಹೆದರುವವರು ಈಗಲೇ ಎದ್ದು ಹೋಗಿ. ನಾನು ಹೆದರುವವನಲ್ಲ, ದೀಪದ ಪಕ್ಕ ಕೂತದ್ದು ಸೊಳ್ಳೆ ಕಾಣಲಿ ಎಂದು.

ನನ್ನ ಚಿಕ್ಕಮ್ಮನ ಮಗ ಸುಜನ್ ಬೋಟಿನವರ ಸಂಘವೊಂದರಲ್ಲಿ ಸರ್ವರ್ ನೋಡಿಕೊಳ್ಳುತ್ತಾನೆ. ಕಡಲಲ್ಲಿ ಅಪಾಯವಾದರೆ ಬೋಟಿನವರು ಕೆಂಪು ಬಟನ್ ಒತ್ತುತ್ತಾರೆ. ಆ ಸುದ್ದಿ ದಡಕ್ಕೆ ಮುಟ್ಟಿಸುವುದು ಸರ್ವರಿನಲ್ಲಿರುವ ಒಂದು ಅಪ್ಲಿಕೇಶನ್. ಅದು ನಿಂತರೆ ಒತ್ತಿದವನು ಒತ್ತುತ್ತಲೇ ಇರಬೇಕು.

ಗಾಳಿ ಎದ್ದ ರಾತ್ರಿ. ಸುಜನ್ ಕೋಡಿಯಲ್ಲಿ ಬಸ್ ಇಳಿದು, ಆಲದ ಬುಡದ ಬಾವಿ ದಾಟಿ ಮನೆಗೆ ನಡೆಯುತ್ತಿದ್ದ. ಬಾವಿಯ ರಾಟೆ ಕಿರ್ರ್… ಎಂದಿತು. ರಾಟೆಯಲ್ಲಿ ಹಗ್ಗವೇ ಇರಲಿಲ್ಲ. ಅಷ್ಟರಲ್ಲಿ ಫೋನ್. ಬೋಟಿನ ಬಚ್ಚನ ಹೆಂಡತಿ ವನಜ.

“ಸುಜನಾ, ಇವ್ರ್ ಬೋಟ್ ಇನ್ನೂ ಬರ್ಲಿಲ್ಲ ಮಾರಾಯಾ. ನಿನ್ನ ಮಿಷನ್ ಎಂತ ಹೇಳತ್?”

ಮಿಷನ್ ಏನೂ ಹೇಳುತ್ತಿರಲಿಲ್ಲ. ಸಂಘದ ಕೋಣೆಗೆ ಓಡಿ ಹೋಗಿ ನೋಡಿದರೆ ಅಪ್ಲಿಕೇಶನ್ ನಿಂತಿದೆ. ಸ್ಟಾರ್ಟ್ ಒತ್ತಿದ. ಸರ್ವರಿನ ಫ್ಯಾನು ಗೊಂಯ್… ಎಂದು ಏರಿತು. ಮರುಗಳಿಗೆ… ಟಕ್. ನಿಂತಿತು. ಮತ್ತೆ ಒತ್ತಿದ. ಗೊಂಯ್… ಟಕ್.

ನಿಲ್ಲಿಸುತ್ತಿರುವವರ ಹೆಸರು ಪರದೆಯ ಮೇಲೆ ಬಂತು. ಪ್ರೇಮಾನಂದ.

ಅವನು ಸುಜನ್‌ಗಿಂತ ಮೊದಲು ಅದೇ ಕುರ್ಚಿಯಲ್ಲಿದ್ದವ. ಕಳೆದ ವರ್ಷ ರಜೆ ಹಾಕಿ ಮಾವನ ಬೋಟಿನಲ್ಲಿ ಹೋದ. ಬೋಟ್ ಮಗುಚಿತು. ಆ ರಾತ್ರಿಯೂ ಅಪ್ಲಿಕೇಶನ್ ನಿಂತೇ ಇತ್ತು, ಕುರ್ಚಿಯಲ್ಲಿ ಯಾರೂ ಇರಲಿಲ್ಲ. “ಹೆಣ ಕಾಣ್ದೆ ನನ್ ಮಗನ ಹೆಸ್ರ್ ಎಲ್ಲೂ ಅಳ್ಸೂಕಾಗ” ಎಂದಳು ತಾಯಿ ಬೆಳ್ಳಿ. ಸತ್ತವರಿಗೆ ಮಾಡುವ ಬೊಜ್ಜವನ್ನೂ ಮಾಡಲಿಲ್ಲ. ರೇಶನ್ ಕಾರ್ಡಿನಲ್ಲಿ ಹೆಸರು ಉಳಿಯಿತು, ಸರ್ವರಿನ ಲಾಗಿನ್ನೂ ಉಳಿಯಿತು.

“ಪ್ರೇಮಣ್ಣಾ…” ಸುಜನ್ ಪಿಸುಗುಟ್ಟಿದ. “ಬಚ್ಚಣ್ಣ ಕಡಲಂಗಿದ್ದ. ಬಿಡ್ ಮಾರಾಯಾ.”

ಕುರ್ಚಿಯ ಹಿಂದೆ ತಟ್… ತಟ್… ನೀರು ತೊಟ್ಟಿಕ್ಕಿತು.

“ನಾನ್ ಕೆಂಪ್ ಬಟನ್ ಒತ್ತ್‌ದಾಗ ಮಿಷನ್ ಯಾರ್ ಸುರು ಮಾಡಿರ್?”

ನಾನಾಗಿದ್ದರೆ ತಿರುಗಿ ಎರಡು ಬಾರಿಸಿ, ಚಹಾ ಕುಡಿಸಿ ಕಳಿಸುತ್ತಿದ್ದೆ. ಸುಜನ್ ತಿರುಗಲಿಲ್ಲ. ಲಾಗಿನ್ ಅಳಿಸದೆ ದಾರಿಯಿಲ್ಲ. ಅಳಿಸಿದರೆ ಪ್ರೇಮಾನಂದ ಸತ್ತ ಎಂದು ಒಪ್ಪಿದ ಹಾಗೆ. ಬೆಳ್ಳಿಗೆ ಫೋನ್ ಮಾಡಿ ಎಲ್ಲ ಹೇಳಿದ.

ಬೆಳ್ಳಿ ಅಳಲಿಲ್ಲ. “ಅಳ್ಸ್ ಮಗಾ” ಎಂದಳು. “ವರ್ಷದಿಂದ ಬಾಗ್ಲ್ ಚಿಲ್ಕ ಹಾಕ್ಲಿಲ್ಲ. ಇವತ್ತ್ ಹಾಕ್ತೆ.”

ಫೋನಿನಲ್ಲೇ ಕೇಳಿತು… ಖಟ್.

ಅಳಿಸಿದ. ಸ್ಟಾರ್ಟ್ ಒತ್ತಿದ. ಗೊಂಯ್… ಈ ಸಲ ನಿಲ್ಲಲಿಲ್ಲ. ಬಚ್ಚನ ಬೋಟ್ ಇರುವ ಜಾಗ ಪರದೆಗೆ ಬಂತು. ದಡದಿಂದ ದೋಣಿ ಹೋಯಿತು. ಬಚ್ಚನನ್ನು ಜೀವಂತ ತಂದರು. ಅವನ ಜೊತೆಗಿದ್ದ ಭೋಜ ಸಿಗಲಿಲ್ಲ.

ಬೆಳಗ್ಗೆ ನಾನೇ ಬೆಳ್ಳಿಯ ಮನೆಗೆ ಹೋದೆ. ಒಳಗಿಂದ ಹಾಕಿದ ಚಿಲಕವನ್ನು ಅವಳು ನನ್ನೆದುರೇ ತೆಗೆದಳು. ಒಳಗೆ ಪ್ರೇಮಾನಂದ ಕೂರುತ್ತಿದ್ದ ಮಣೆಯ ಮುಂದೆ ಉಂಡು ಬಿಟ್ಟ ಬಟ್ಟಲು. ಮಣೆಯ ಸುತ್ತ ಒದ್ದೆ ಮರಳು.

ಇಷ್ಟೂ ನಡೆದದ್ದೇ. ಒಂದು ಸಣ್ಣ ಮಾತು ಮಾತ್ರ ನಾನು ಸೇರಿಸಿದ್ದು… ಬೆಳ್ಳಿ ಅಳಲಿಲ್ಲ ಎಂದದ್ದು.