ಕತ್ತಿಯಂಚಿಗೆ ಬೆಳ್ಳಿ ತಂತಿ

ಅಲ್ಲ ಅತ್ತಿಗೆ, ಆ ದಾಳ ಸ್ವಲ್ಪ ಕೆಳಗಿಡಿ. ಉರುಳಿಸಬೇಡಿ... ಒಂದು ನಿಮಿಷ ನನ್ನ ಮಾತು ಕೇಳಿ, ಆಮೇಲೆ ಬೇಕಾದ್ರೆ ಸಾಯಿಸಿ. ಈ ಆಟದಲ್ಲಿ ನನ್ನ ಕುಂಟ ಸರದಾರ ಆರು ವರ್ಷದಿಂದ ಬದುಕಿದಾನೆ. ಆರು ವರ್ಷ, ಭಾನುವಾರ ಭಾನುವಾರ, ಇದೇ ಊಟದ ಮೇಜಿನ ಮೇಲೆ. ಅಣ್ಣ ಕಥೆ ನಡೆಸೋನು, ನಾವು ಮೂರು ಜನ ಆಡೋರು, ನೀವು ಆ ಮೂಲೇಲಿ ಕೂತು ನಮ್ಮನ್ನ ನೋಡಿ ನಗೋರು. ಅವನು ಅರ್ಧಕ್ಕೆ ಬಿಟ್ಟು ಹೋದ ಕಥೇನ ಮುಗಿಸೋಣ ಅಂತ ನೀವೇ ಹೇಳಿ ಕರೆಸಿದ್ರಿ. ಈಗ ಅವನ ಕುರ್ಚೀಲಿ ಕೂತ ಮೊದಲನೇ ದಿನವೇ ನನ್ನ ಸರದಾರನ್ನ ಮಣ್ಣು ಮಾಡ್ತೀರಾ?

ಯಾಕೆ ನಗ್ತೀರಿ? ಹೌದು, ಕಾಗದದ ಮನುಷ್ಯ, ಕಾಗದದ ಕತ್ತಿ, ಗೊತ್ತು. ಆದ್ರೂ...

ಅವರಿಬ್ಬರಾ? ಬಾಲ್ಕನೀಲಿದಾರೆ ಬಿಡಿ. ಪೋಸ್ಟಾಫೀಸಿನವನ ಕೈಗೆ ಟೀ ಲೋಟ ಸಿಕ್ಕಿದ್ರೆ ಲೋಕ ಮುಳುಗಿದ್ರೂ ಅವನಿಗೆ ಚಿಂತೆ ಇಲ್ಲ. ದನದ ಡಾಕ್ಟ್ರಿಗೆ ಯಾವುದೋ ಎಮ್ಮೆಯ ಫೋನ್ ಬಂದಿದೆ. ಅವರು ಒಳಗೆ ಬರೋದ್ರೊಳಗೆ ನಾವಿಬ್ಬರೇ ಇದನ್ನ ಇತ್ಯರ್ಥ ಮಾಡ್ಕೊಳ್ಳೋಣ.

ನೋಡಿ, ನನ್ನ ಸರದಾರ ಕೊಲ್ಲಬೇಕಾದ ನೆರಳರಸನ ಮೈಗೆ ತಣ್ಣಕಬ್ಬಿಣ ಮಾತ್ರ ನಾಟುತ್ತೆ. ಬೆಂಕಿಗೇ ಹಿಡೀದೆ ಬರೀ ಬಡಿದು ಮಾಡಿದ ಕಬ್ಬಿಣ. ಅವನ ನೆರಳಿಗೆ ಬೆಳ್ಳಿ ಮಾತ್ರ. ಎರಡನ್ನೂ ಒಂದೇ ಏಟಿಗೆ ಕಡೀಬೇಕು, ಇಲ್ಲಾಂದ್ರೆ ಒಂದರಿಂದ ಇನ್ನೊಂದು ಹುಟ್ಕೊಂಡುಬಿಡುತ್ತೆ. ಅಣ್ಣನ ಕಿತಾಪತಿ ಅದು. ಆದ್ರೆ ರೂಲ್ ಬುಕ್ಕಿನಲ್ಲಿ ಒಂದು ಆಯುಧಕ್ಕೆ ಒಂದೇ ಲೋಹ ಅಂತಿದೆ ಅಂತೀರಿ. ಇದೆ. ನಾನು ಇಲ್ಲ ಅಂದ್ನಾ? ಬೆಳ್ಳಿ ಲೇಪ ಹಿಡೀಬೇಕು ಅಂದ್ರೆ ಕಾಯಿಸ್ಬೇಕು, ಕಾಯಿಸಿದ್ರೆ ತಣ್ಣಕಬ್ಬಿಣದ ಗುಣ ಹೋಯ್ತು. ಸರಿ, ಪುಸ್ತಕ ಬರೆದವರು ಬುದ್ಧಿವಂತರು. ಆದ್ರೆ ಅವರ್ಯಾರೂ ಲೇತ್ ಮುಂದೆ ಇಪ್ಪತ್ತು ವರ್ಷ ನಿಂತೋರಲ್ಲ. ಅಣ್ಣ ನಿಂತಿದ್ದ.

ಅವನು ಏನು ಹೇಳಿದ ಗೊತ್ತಾ? ಲೇಪ ಯಾಕೋ ದಡ್ಡ, ತಂತಿ ಹಾಕು ಅಂದ. ಅಂಚಿನುದ್ದಕ್ಕೂ ಕೂದಲೆಳೆಯಷ್ಟು ಕಚ್ಚು ಕೊರೀಬೇಕು. ಬಾಯಿ ಕಿರಿದು, ಒಳಗೆ ಅಗಲ. ಅದರೊಳಗೆ ಬೆಳ್ಳಿ ತಂತಿ ಕೂರಿಸಿ ಸಣ್ಣ ಸುತ್ತಿಗೇಲಿ ತಟ್ಟುತ್ತಾ ಹೋಗೋದು. ಬೆಳ್ಳಿ ಮೆತ್ತಗಲ್ವಾ, ಒಳಗೆ ಹರಡ್ಕೊಂಡು ಕಚ್ಕೊಂಡುಬಿಡುತ್ತೆ. ಬೆಂಕಿ ಬೇಡ, ಬೆಸುಗೆ ಬೇಡ. ಲೋಹ ಎರಡು, ಕತ್ತಿ ಒಂದು! ಹೇಗಿದೆ?

ಯಾವಾಗ ಹೇಳಿದ ಅಂದ್ರೆ... ಯಾವಾಗಲೋ. ಮುಂಚೆ. ಆರು ವರ್ಷದಲ್ಲಿ ಯಾವ ಭಾನುವಾರ ಅಂತ ನೆನಪಿಟ್ಕೊಳ್ಲಿ?

ಯಾಕೆ ಹಾಗೆ ನೋಡ್ತೀರಿ? ಮತ್ತೆ ಅದೇನಾ? ಇವತ್ತೊಂದಿನ ಆ ಮಾತು ಬೇಡ ಅತ್ತಿಗೆ. ಅವನು ಆ ರೈಲ್ವೆ ಗೇಟಿನ ರಸ್ತೆಗೆ ಯಾಕೆ ಹೋಗಿದ್ದ ಅಂತ ನನ್ನ ಕೇಳಿದ್ರೆ ನಾನೇನು ಹೇಳ್ಲಿ? ಒಪ್ಕೋತೀನಿ, ವರ್ಕ್‌ಶಾಪ್ ಈ ಕಡೆ, ಮನೆ ಈ ಕಡೆ, ಲಾರಿ ಬಡಿದದ್ದು ಊರಿನ ಆ ಕೊನೇಲಿ. ಹತ್ತು ಸಲ ಹೇಳಿದೀನಿ, ಆ ದಿನ ನಾನು ಅವನನ್ನ ನೋಡೇ ಇಲ್ಲ. ನೀವು ಮೂರು ಸಲ ಆ ರಸ್ತೆಗೆ ಹೋಗಿ, ಯಾವ ಬಾಗಿಲಲ್ಲಿ ಯಾವಳು ನಿಂತಿದಾಳೋ ಅಂತ ಮನೆಮನೆ ನೋಡ್ಕೊಂಡು ಬಂದ್ರಿ. ಗೊತ್ತು ನನಗೆ. ಅವನ ಫೋಟೋನ ಗೋಡೆ ಕಡೆ ಮುಖ ಮಾಡಿ ಇಟ್ಟಿದೀರಲ್ಲ, ಒಂಬತ್ತು ತಿಂಗಳಾಯ್ತು... ಅದರ ಬಗ್ಗೆ ಒಂದು ಮಾತು ಆಡಿದೀನಾ? ಇಲ್ಲ.

ನಾನೇ ಶುರು ಮಾಡಿದೆ, ಹೌದು. ನೀವು ಬಾಯೇ ಬಿಟ್ಟಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗೆ... ಬಿಡಿ. ಆಟಕ್ಕೆ ಬರೋಣ.

ಬರೆದದ್ದು ಇಲ್ದೆ ಒಪ್ಪಲ್ವಾ? ನೀವೂ ಅವನ ಥರಾನೇ ಆದ್ರಿ. ಆಯುಧಕ್ಕೆ ಏನೇ ಬದಲಾವಣೆ ಮಾಡಿದ್ರೂ ಅವನು ಬರೆದು ಸಹಿ ಹಾಕಿರ್ಬೇಕು, ಬಾಯಿಮಾತು ನಡೆಯಲ್ಲ. ನಮ್ಮ ಮೇಜಿನ ಕಟ್ಟಳೆ ಅದು, ನಾನೂ ಒಪ್ತೀನಿ. ಆದ್ರೆ ಇದು... ದಾಳ ಮುಟ್ಟಬೇಡಿ! ಇದೆ ಅತ್ತಿಗೆ, ಬರೆದದ್ದು ಇದೆ. ತಡೀರಿ. ಪರ್ಸಲ್ಲೇ ಇದೆ. ನೋಡಿ. ನನ್ನ ಕೈಯಲ್ಲೇ ಇರಲಿ, ಇಲ್ಲಿಂದಲೇ ನೋಡಿ. ಕತ್ತಿಯ ಅಂಚು, ಕಚ್ಚು, ಇದು ತಂತಿ. ಅಳತೆಗೆ ಬಾಣದ ಗುರುತು ಬೇರೆ ಹಾಕಿದಾನೆ, ನಿಜವಾಗ್ಲೂ ಯಾರೋ ಮಾಡ್ತಾರೆ ಅನ್ನೋ ಹಾಗೆ. ‘ಎರಡು ಲೋಹಕ್ಕೂ ಒಪ್ಪಿಗೆ. ದಾಳದಲ್ಲಿ ಒಂದು ಬಿದ್ರೆ ತಂತಿ ಕಿತ್ತು ಬರುತ್ತೆ.’ ಅವನದೇ ಅಕ್ಷರ. ಸಾಕಾ? ಈಗ ನನ್ನ ಸರದಾರ...

ಕಿತ್ಕೋಬೇಡಿ, ಹರಿಯುತ್ತೆ.

ಸರಿ, ನೋಡಿ. ನಿಧಾನವಾಗಿ ನೋಡಿ.

ಎಷ್ಟು ಹೊತ್ತು ನೋಡ್ತೀರಿ ಅತ್ತಿಗೆ, ಇರೋದು ಎರಡು ಸಾಲು. ಕೆಳಗಡೆ ಅದು... ಏನಿಲ್ಲ. ವರ್ಕ್‌ಶಾಪಿನ ಜಾಬ್ ಕಾರ್ಡ್ ಬರೆದೂ ಬರೆದೂ ಬಂದ ಚಾಳಿ ಅವನದು, ನಿಮಗೆ ಗೊತ್ತಲ್ಲ. ಏನು ಬರೆದ್ರೂ ಕೆಳಗೆ ತಾರೀಕು, ಗಂಟೆ...

ತಾರೀಕು.

ಆ ದಿನದ್ದೇ ಅಂತೀರಾ? ಅವನು ತಪ್ಪು ಬರೆದಿರ್ತಾನೆ. ತಾರೀಕು ತಪ್ಪೋದು ಎಲ್ಲರಿಗೂ... ಇಲ್ಲ. ಅವನು ತಪ್ಪಲ್ಲ. ಒಂಬತ್ತು ತಿಂಗಳಿಂದ ಅದನ್ನ ತೆಗೆದು ನೋಡ್ತೀನಿ, ಮಡಚಿ ಇಡ್ತೀನಿ. ಪ್ರತಿ ಸಲ ಕೆಳಗಡೆ ಹೆಬ್ಬೆರಳು ಇಟ್ಕೊಂಡು ಚಿತ್ರ ಮಾತ್ರ ನೋಡ್ತಿದ್ದೆ. ಹಾಗೆ ನೋಡೀ ನೋಡೀ, ಅಲ್ಲಿ ತಾರೀಕು ಇದೆ ಅನ್ನೋದೇ... ನಂಬಿ, ಆಟದ ಭರದಲ್ಲಿ ಮರೆತೇಬಿಟ್ಟೆ.

ತಿರುಗಿಸಬೇಡಿ. ಅತ್ತಿಗೆ, ಹಿಂದೆ ಏನಿಲ್ಲ, ನನ್ನ ಕೆಲಸದ ಚೀಟಿ ಅದು, ಕಾಗದ ಸಿಗಲಿಲ್ಲ ಅಂತ... ಬೇಡ...

ಹೌದು. ಲಿಫ್ಟ್ ಸರ್ವಿಸ್ ಚೀಟಿ. ಕಟ್ಟಡದ ವಿಳಾಸ ಇದೆ. ಗೇಟಿನಾಚೆ ಎರಡನೇ ಕಟ್ಟಡ. ಲಿಫ್ಟ್ ರಿಪೇರಿಯವನು ಯಾವ ದಿನ ಎಲ್ಲಿರ್ತಾನೆ ಅಂತ ಮನೇಲಿ ಯಾರು ಕೇಳ್ತಾರೆ? ನೀವೂ ಕೇಳಲಿಲ್ಲ.

ಆ ವಿಳಾಸದ ಮೇಲೆ ಬೆರಳಿಟ್ಟು ಹೀಗೆ ನನ್ನನ್ನೇ ನೋಡ್ಬೇಡಿ...

ನಾನೇ ಕರೆಸಿದ್ದು. ಮೂರು ಸಲ ಫೋನ್ ಮಾಡಿದೆ. ಭಾನುವಾರ ಬರುತ್ತಲ್ಲೋ, ಅಲ್ಲೀತನಕ ತಡ್ಕೊ ಅಂದ. ನಾನು ಹಿಡಿದ ಮೊಲಕ್ಕೆ ಮೂರೇ ಕಾಲು, ನಿಮಗೆ ಗೊತ್ತು. ಆ ಭಾನುವಾರವೇ ಕಾಳಗ ಇತ್ತು, ಎಲ್ಲರ ಮುಂದೆ ದಿಢೀರನೆ ಕತ್ತಿ ತೆಗೀಬೇಕು ಅಂತ ಆಸೆ. ಇವತ್ತೇ ಬರೆದುಕೊಡು ಅಂದೆ. ಬಂದ. ಕೆಲಸ ಮುಗಿಸಿ, ಮುಖಾನೂ ತೊಳೀದೆ ಬಂದ. ಲಿಫ್ಟಿನ ಬಾಗಿಲಿಗೆ ಚೀಟಿ ಒತ್ತಿ ಹಿಡ್ಕೊಂಡು ಚಿತ್ರ ಬಿಡಿಸಿದ. ಐದು ಹತ್ತು ಅಂತ ಬರೆದಿದಾನಲ್ಲ, ಐದೂಕಾಲಿಗೆ ಹೊರಟ. ಲಾರಿ... ಐದೂವರೆ ಒಳಗೇ.

ಆಸ್ಪತ್ರೇಲಿ ಎಲ್ಲರ ಬಾಯಲ್ಲೂ ಒಂದೇ ಮಾತು, ಅಲ್ಲಿಗ್ಯಾಕೆ ಹೋದ, ಅಲ್ಲಿಗ್ಯಾಕೆ ಹೋದ. ಏನಂತ ಹೇಳ್ಲಿ? ಕತ್ತಿಗೆ ಬೆಳ್ಳಿ ತಂತಿ ಹಾಕೋಕೆ ಅಂತ್ಲಾ? ನಾಳೆ ಹೇಳೋಣ ಅಂದ್ಕೊಂಡೆ. ಅಷ್ಟರಲ್ಲಿ ನೀವು ಬೇರೆ ಏನೋ ಅಂದ್ಕೊಳ್ಳೋಕೆ ಶುರು ಮಾಡಿದ್ರಿ... ನಾನು ಅಂದ್ಕೊಳ್ಳಲಿ ಅಂತ ಬಿಟ್ಟೆ. ನಿಮ್ಮ ಅನುಮಾನದ ಹಿಂದೆ ಅಡಗಿ ಕೂತೆ ಅತ್ತಿಗೆ. ಅಂಥವನಲ್ಲ ಅವನು ಅಂತ ಒಂದು ಮಾತು ಹೇಳಿದ್ರೆ ಸಾಕಿತ್ತು. ಹೇಳಿದ್ರೆ, ನಿನಗೆ ಹೇಗೆ ಗೊತ್ತು ಅಂತ ಕೇಳ್ತಿದ್ರಿ.

ಇನ್ನೊಂದಿದೆ. ಹೋಗುವಾಗ ಗಡಿಯಾರ ನೋಡ್ಕೊಂಡ. ‘ಹೋಗ್ತೀನೋ, ಆರು ಗಂಟೆಗೆ ನಿನ್ನ ಅತ್ತಿಗೆ ರೆಡಿಯಾಗಿ ಕಾಯ್ತಿರ್ತಾಳೆ. ತಡ ಆದ್ರೆ ಕತ್ತಿ ಅವಳ ಕೈಲಿರುತ್ತೆ’ ಅಂದ. ನಕ್ಕೊಂಡೇ ಹೋದ. ಅದೇ ಕೊನೆ. ಅದು ನಿಮಗೆ ಸೇರಿದ ಮಾತು, ಅದನ್ನೂ ನಾನೇ ಇಟ್ಕೊಂಡೆ.

ಬೈರಿ. ಹೊಡೀರಿ. ಏನಾದ್ರೂ...

ಎಲ್ಲಿಗೆ ಎದ್ರಿ? ಅತ್ತಿಗೆ...

ಫೋಟೋ ತಿರುಗಿಸ್ತೀರಾ? ತಿರುಗಿಸಿ. ಅಂಗೈಯಲ್ಲೇ ಒರೆಸ್ತಿದೀರಲ್ಲ, ಬಟ್ಟೆ ಕೊಡ್ಲಾ?

ಇಲ್ಯಾಕೆ? ಮೇಜಿನ ಮೇಲ್ಯಾಕೆ ಇಡ್ತೀರಿ? ನನ್ನ ಎದುರಿಗೇ... ಅತ್ತಿಗೆ, ಬೇಡ, ಅವರು ಒಳಗೆ ಬರ್ತಿದಾರೆ. ಬಾಲ್ಕನಿ ಬಾಗಿಲು ತೆಗೆದ ಸದ್ದಾಯ್ತು. ಅವರ ಮುಂದೇನೂ ಹೇಳ್ಬೇಕಾ?

ಹೇಳ್ಬೇಕು.

ಬನ್ನಿ... ಇಬ್ಬರೂ ಕೂತ್ಕೊಳ್ಳಿ. ಇಲ್ಲ, ದಾಳ ಆಮೇಲೆ. ಆ ದಿನ ಅಣ್ಣ ಗೇಟಿನಾಚೆ ಬಂದಿದ್ದು ನನ್ನ ನೋಡೋಕೆ.